ನಾಯಿಯ ಕೆರೆತ ನಿಲ್ಲುತ್ತಿಲ್ಲವೇ? ಸ್ನಾನ ಮಾಡಿಸುವಾಗ ಗಡಿಯಾರ ನೋಡಿ

ಕೊಡಗಿನ ಕಕ್ಕಡ ತಿಂಗಳ ಮಳೆರಾತ್ರಿಯಲ್ಲಿ ವರಾಂಡದಿಂದ ‘ಟಕ್ ಟಕ್ ಟಕ್’ ಎಂದು ಕೇಳಿಸಿದರೆ ಯಾರೋ ಬಾಗಿಲು ತಟ್ಟಿದರೆಂದು ಏಳಬೇಡಿ. ನಾಯಿ ಕೆರೆದುಕೊಳ್ಳುವಾಗ ಅದರ ಹಿಂಗಾಲು ನೆಲಕ್ಕೆ ಬಡಿಯುವ ಸದ್ದು ಅದು. ನಮ್ಮ ತೋಟದ ಸುತ್ತಮುತ್ತ ಈ ಸದ್ದಿಲ್ಲದ ಮನೆ ಕಡಿಮೆ, ಮದ್ದು ಗೊತ್ತಿಲ್ಲದವರಂತೂ ಇಲ್ಲವೇ ಇಲ್ಲ. ಒಬ್ಬರದು ಸೀಮೆಎಣ್ಣೆ, ಇನ್ನೊಬ್ಬರದು ಫಿನಾಯಿಲ್ ನೀರು, ಮತ್ತೊಬ್ಬರದು ಜೀಪಿನಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್. ಮೂರೂ ಚರ್ಮವನ್ನು ಸುಡುತ್ತವೆ; ನೆಕ್ಕಿದರೆ ಹೊಟ್ಟೆಗೂ ವಿಷ. ಅವನ್ನು ಶೆಡ್ಡಿಗೆ ವಾಪಸು ಕಳಿಸಿ ಮುಂದೆ ಓದಿ.

ಒಂದು: ಎಲ್ಲಿ ಕೆರೆಯುತ್ತದೆ ನೋಡಿ

ಬಾಲದ ಬುಡ, ಸೊಂಟದ ಮೇಲೆ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈಯಲ್ಲಿ ಕೂದಲು ಉದುರಿ, ನಿದ್ದೆಗೆಡುವಷ್ಟು ಕೆರೆತವಿದ್ದು, ನಾಯಿಯನ್ನು ಎತ್ತಿಕೊಳ್ಳುವವರ ಕೈಗೂ ಹೊಟ್ಟೆಗೂ ಗುಳ್ಳೆ ಎದ್ದಿದ್ದರೆ ಅದು ಕಜ್ಜಿ. ಪಾದ ನೆಕ್ಕಿ ನೆಕ್ಕಿ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಕಿವಿ ಮತ್ತು ಕಂಕುಳು ಕೆಂಪಾಗಿದ್ದರೆ ಅಲರ್ಜಿ ಇರಬಹುದು. ಧೂಳಿನ ನುಸಿ, ಬೂಸ್ಟು, ಪರಾಗ ಇವುಗಳ ಅಲರ್ಜಿ ಸಾಮಾನ್ಯವಾಗಿ ಮೂರು ವರ್ಷದೊಳಗೇ ತಲೆ ಎತ್ತುತ್ತದೆ.

‘ನಮ್ಮ ನಾಯಿಗೆ ಚಿಗಟ ಇಲ್ಲ’ ಎನ್ನುವವರಿಗೆ ಒಂದು ಪರೀಕ್ಷೆ. ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಸೊಂಟದ ಮೇಲೆ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ.

ಎರಡು: ಚಿಗಟ, ಉಣ್ಣೆ ತೆಗೆಯಿರಿ

ವೈದ್ಯರು ತೂಕ ನೋಡಿ ಬರೆದ ಮಾತ್ರೆ ಕೊಡಿ; ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಅವುಗಳದ್ದೇ ಮದ್ದಾಗಲಿ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಸಂತತಿಯಲ್ಲಿ ಸ್ವಲ್ಪ ಮಾತ್ರ. ಮೊಟ್ಟೆ, ಮರಿ, ಗೂಡು ಎಲ್ಲವೂ ಅದು ಮಲಗುವ ಗೋಣಿಚೀಲದಲ್ಲಿವೆ. ಆ ಚೀಲವನ್ನು ಸುಟ್ಟುಬಿಡಿ, ಬದಲಿಗೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆಯಬಹುದಾದ ಹಳೆಯ ಬೆಡ್‌ಶೀಟ್ ಹಾಕಿ. ಗೂಡಿನೊಳಗಿನ ಚಿಗಟಕ್ಕೆ ಮದ್ದು ತಗಲುವುದಿಲ್ಲ, ಹಾಗಾಗಿ ಮೂರು ತಿಂಗಳಾದರೂ ಬಿಡದೆ ಮಾಡಬೇಕು.

ದನದ ಉಣ್ಣೆಗೆ ತಂದ ದ್ರಾವಣವನ್ನು ಮುಚ್ಚಳದ ಅಂದಾಜಿನಲ್ಲಿ ನಾಯಿಗೆ ಸುರಿಯುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ನಾಯಿಯ ಬೆನ್ನಿಗೆ ಬಿಡುವ ಪರ್ಮೆಥ್ರಿನ್ ಹನಿ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಎರಡೂ ಒಂದೇ ಸೋಫಾದಲ್ಲಿ ಮಲಗುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಲೇಬೇಡಿ.

ಮೂರು: ಸ್ನಾನ

ಎಲ್ಲರೂ ಎಡವುವುದು ಇಲ್ಲಿ. ಕೆರೆದ ಚರ್ಮದಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಸೇರಿಕೊಳ್ಳುತ್ತವೆ. ನಾಯಿಯ ಮೈ ಜಿಡ್ಡಾಗಿ ಮುಗ್ಗಲು ವಾಸನೆ ಬರುತ್ತದೆ, ಕೆರೆತ ಇಮ್ಮಡಿಯಾಗುತ್ತದೆ. ಅದಕ್ಕೆ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಬರೆಯುತ್ತಾರೆ, ಯೀಸ್ಟ್ ಇದ್ದರೆ ಜೊತೆಗೆ ಮೈಕೊನಜೋಲ್. ವಾರ ಕಳೆದು ‘ಶಾಂಪೂ ಕೆಲಸಕ್ಕೆ ಬಾರದು’ ಎಂದು ದೂರು ಬರುತ್ತದೆ. ಶಾಂಪೂ ತಪ್ಪಲ್ಲ, ಹಚ್ಚಿದ ಕೂಡಲೇ ತೊಳೆದದ್ದು ತಪ್ಪು.

ಹಂಡೆಯ ನೀರನ್ನು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಬಿಸಿ ಹೆಚ್ಚಾದರೆ ಕೆರೆತವೂ ಹೆಚ್ಚು. ಮೈ ನೆನೆಸುವುದಕ್ಕೇ ಐದು ನಿಮಿಷ ಬೇಕು. ದಪ್ಪ ತುಪ್ಪಳದ ನಾಯಿಯ ಕೂದಲು ಮೇಲೆ ತೊಯ್ದಂತೆ ಕಂಡರೂ ಬುಡ ಒಣಗಿಯೇ ಇರುತ್ತದೆ. ಬೆರಳಿನಿಂದ ಬೈತಲೆ ತೆಗೆದಂತೆ ಸರಿಸಿ ಚರ್ಮ ಮುಟ್ಟಿ ನೋಡಿ. ಶಾಂಪೂವನ್ನು ಮಗ್ಗಿನ ನೀರಿನಲ್ಲಿ ಬೆರೆಸಿ, ಹೆಚ್ಚು ಕೆರೆಯುವ ಜಾಗದಿಂದ ಶುರು ಮಾಡಿ, ಚರ್ಮಕ್ಕೆ ಇಳಿಯುವಂತೆ ತಿಕ್ಕಿ. ಬೆರಳ ಸಂದು, ಕಂಕುಳು, ಬಾಲದಡಿ ಮರೆಯಬೇಡಿ.

ಈಗ ಹತ್ತು ನಿಮಿಷ ಕಾಯಬೇಕು. ಅಂದಾಜಿನ ಹತ್ತು ನಿಮಿಷವಲ್ಲ. ನಮ್ಮ ಟೈಗರ್‌ಗೆ ಮೊದಲ ಸಲ ಹಚ್ಚಿ, ಕಾಲು ಜೋಮು ಹಿಡಿದು, ಇನ್ನು ಸಾಕೆಂದು ಚೆಂಬು ಎತ್ತಿದಾಗ ಮಗಳು ಮೊಬೈಲ್ ನೋಡಿ ಹೇಳಿದಳು: ‘ಅಪ್ಪಾ, ಮೂರೂವರೆ ನಿಮಿಷ ಅಷ್ಟೇ.’ ಅಂದಿನಿಂದ ಅಲಾರಂ ಇಡುತ್ತೇನೆ, ಬೇಯಿಸಿದ ಗೆಣಸಿನ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ನಿಮಿಷಕ್ಕೊಂದು ಕೊಡುತ್ತೇನೆ. ನೊರೆ ನೆಕ್ಕದಂತೆ ಮೂತಿ ಮೇಲೆ ಕಣ್ಣಿರಲಿ.

ತೊಳೆಯುವಾಗ ಇಳಿಯುವ ನೀರು ತಿಳಿಯಾಗುವವರೆಗೆ ಸುರಿಯಿರಿ; ಉಳಿದ ಶಾಂಪೂವೇ ಹೊಸ ಕೆರೆತ ಹುಟ್ಟಿಸುತ್ತದೆ. ಇನ್ನು ಒಣಗಿಸುವುದು. ಬಟ್ಟೆಯೇ ನಾಲ್ಕು ದಿನ ಒಣಗದ ಊರಿನಲ್ಲಿ ನಾಯಿ ತಾನಾಗಿ ಒಣಗಲಿ ಎಂದರೆ ಹೇಗೆ? ಎರಡು ಟವೆಲ್ ಬೇಕು. ಎರಡನೆಯದು ಬೆರಳ ಸಂದಿಗೆ, ಕಿವಿಯ ಮಡಿಕೆಗೆ. ಒಲೆಯ ಎದುರು ಕೂರಿಸಬೇಡಿ, ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿ ಸಾಕು. ವಾರಕ್ಕೆರಡು ಸಲದಂತೆ ಮೂರು–ನಾಲ್ಕು ವಾರ. ಬೆನ್ನಿಗೆ ಬಿಡುವ ಹನಿ ಬಳಸುವವರು ಸ್ನಾನಕ್ಕೂ ಅದಕ್ಕೂ ಎರಡು ದಿನ ಅಂತರವಿಡಿ. ಮನುಷ್ಯರ ಶಾಂಪೂ, ಬಟ್ಟೆ ಸೋಪು ಬೇಡ.

ನಾಲ್ಕು: ಆಹಾರ

ಆಹಾರದ ಅಲರ್ಜಿ ಚಿಗಟದಷ್ಟು ಸಾಮಾನ್ಯವಲ್ಲ. ಆದರೂ ವರ್ಷವಿಡೀ ಕೆರೆಯುವ ನಾಯಿಗೆ ಎಂಟು ವಾರದ ಪಥ್ಯ ಮಾಡಿ ನೋಡಬೇಕು: ಅದು ಹಿಂದೆಂದೂ ತಿನ್ನದ ಒಂದೇ ಮಾಂಸ, ಅದಕ್ಕೆ ಒಂದು ಧಾನ್ಯ ಅಥವಾ ಗೆಡ್ಡೆ. ಬೇರೆ ಊರಿನಲ್ಲಿ ಹಂದಿ ಮಾಂಸ ಹೊಸದೆಂದು ಹೇಳಿಯಾರು. ಕೊಡಗಿನ ನಾಯಿ ಮರಿಯಾಗಿದ್ದಾಗಿನಿಂದ ಪಂದಿ ಮೂಳೆ ಕಡಿದೇ ಬೆಳೆದಿರುತ್ತದೆ, ಅದಕ್ಕೆ ಅದು ಹೊಸದಲ್ಲ. ಮೀನು ತಿನ್ನದ ನಾಯಿಯಾದರೆ ಮುಳ್ಳು ತೆಗೆದ ಮೀನು ಆಗಬಹುದು. ಕೈಲ್‌ಪೊಳ್ದ್ ಹಬ್ಬ ಮಧ್ಯೆ ಬರುವಂತೆ ಪಥ್ಯ ಶುರು ಮಾಡಬೇಡಿ; ನೆಂಟರಲ್ಲಿ ಯಾರಾದರೊಬ್ಬರು ಮೇಜಿನಡಿ ಒಂದು ತುಂಡು ಹಾಕಿಯೇ ಹಾಕುತ್ತಾರೆ, ಮತ್ತೆ ಮೊದಲ ದಿನದಿಂದ ಎಣಿಸಬೇಕು.

ಐದು: ವೈದ್ಯರ ಬಳಿ

‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ನೀವೇ ಕೇಳಬೇಡಿ. ಸ್ಟೀರಾಯ್ಡ್ ಬೇಗನೆ ಕೆರೆತ ಇಳಿಸುತ್ತದೆ, ನಾಯಿ ನೀರು ಕುಡಿದು ಕುಡಿದು ಮನೆಯೊಳಗೇ ಮೂತ್ರ ಮಾಡುತ್ತದೆ, ಕೆಲವು ವಾರಕ್ಕೆ ಕೆರೆತ ಹಿಂದಿರುಗುತ್ತದೆ. ಕಜ್ಜಿಯಾಗಿದ್ದರೆ ಇನ್ನೂ ಹಬ್ಬುತ್ತದೆ. ಬದಲಿಗೆ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದು ಕೇಳಿ. ಕೋಲಿ ತಳಿಯ ರಕ್ತವಿದ್ದರೆ ಮೊದಲೇ ತಿಳಿಸಿ. ಅಂಥ ನಾಯಿಗಳಿಗೆ ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಮದ್ದು ಮಾರಕವಾಗಬಹುದು. ಉಣ್ಣೆ ಕಚ್ಚಿದ ನಾಯಿ ಊಟ ಬಿಟ್ಟು, ವಸಡು ಬಿಳುಚಿದ್ದರೆ ಚರ್ಮದ ವಿಷಯ ಬದಿಗಿಟ್ಟು ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಹೋಗುವಾಗ ಲೆಕ್ಕ ಒಯ್ಯಿರಿ. ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಕ್ಯಾಲೆಂಡರ್‌ನಲ್ಲಿ ಇಂಚು ಬರೆಯುವ ರೂಢಿ ಇದ್ದೇ ಇದೆ. ಅದರ ಪಕ್ಕದಲ್ಲೇ ಹಿಂದಿನ ದಿನದ ಕೆರೆತಕ್ಕೆ ಹತ್ತರಲ್ಲಿ ಎಷ್ಟೆಂದು ಒಂದು ಅಂಕಿ ಬರೆಯಿರಿ. ನಮ್ಮ ಗೋಡೆಯ ಮೇಲೆ ಜುಲೈ ಪುಟದಲ್ಲಿ ಟೈಗರ್‌ನ ಅಂಕಿ ಎಂಟರಿಂದ ಮೂರಕ್ಕೆ ಇಳಿದಿದೆ. ಮಳೆಯ ಅಂಕಿ ಇಳಿದಿಲ್ಲ.