ಅಟ್ಟದ ಮೇಲಿನ ವಿಡಿಯೋ ಗೇಮ್ ಕ್ಯಾಸೆಟ್‌ಗೆ ಬೆಲೆ ಕಟ್ಟುವುದು ಹೇಗೆ?

ನಮ್ಮ ಕಡೆ ಇದನ್ನು ಯಾರೂ ಕಾರ್ಟ್ರಿಡ್ಜ್ ಅಂತ ಕರೆದದ್ದಿಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕ್ಯಾಸೆಟ್ ಅಂದರೆ ಎರಡೇ ಬಗೆ, ಒಂದು ಯಕ್ಷಗಾನದ್ದು, ಇನ್ನೊಂದು ಮಾರಿಯೋದ್ದು. ಗಲ್ಫ್‌ನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟ್ಯಾಂಗ್ ಡಬ್ಬ, ಸೆಂಟಿನ ಬಾಟ್ಲಿಗಳ ನಡುವೆ ಒಂದು ಟಿವಿ ಗೇಮ್ ಸೆಟ್ಟೂ ಇರುತ್ತಿತ್ತು. ಆ ಸೆಟ್ಟುಗಳು ಈಗ ಅಟ್ಟದಲ್ಲಿವೆ, ಇಲ್ಲವೇ ಗುಜರಿಯಲ್ಲಿ.

2021ರ ಜುಲೈಯಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಸೂಪರ್ ಮಾರಿಯೋ 64ರ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಆ ಸುದ್ದಿ ಬಂದ ಮೇಲೆ ನನಗೆ ವಾಟ್ಸಾಪಿನಲ್ಲಿ ಫೋಟೋಗಳು ಬರತೊಡಗಿದವು: 'ಇದಕ್ಕೆ ಎಷ್ಟು ಸಿಗಬಹುದು?' ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹರಾಜಾದದ್ದು ಮೇಲಿನ ಪ್ಲಾಸ್ಟಿಕ್ ಕೂಡ ಹರಿಯದ, ಒಮ್ಮೆಯೂ ಬಿಚ್ಚದ ಡಬ್ಬ. ನಾವು ನಮ್ಮದನ್ನು ಬಿಚ್ಚಿ, ಊದಿ, ಜಗಳದಲ್ಲಿ ತಮ್ಮನ ತಲೆಗೂ ಎಸೆದಿದ್ದೇವೆ, ಅಲ್ವಾ? ಹಾಗಾದರೆ ನಮ್ಮದಕ್ಕೆ ಬೆಲೆಯೇ ಇಲ್ಲವೇ? ಇದ್ದರೂ ಇರಬಹುದು. ಆದರೆ ಒಳಗೆ ಏನಿದೆ ಅಂತ ನೋಡದೆ ಬೆಲೆಯ ಮಾತು ಎತ್ತಬಾರದು.

ಮೊದಲು ಕಾಲು ಎಣಿಸಿ

ಕ್ಯಾಸೆಟ್ಟಿನ ಬಾಯಿ ಕಡೆ ಹಳದಿ ಬಣ್ಣದ ಸಣ್ಣ ಸಣ್ಣ ಪಟ್ಟಿಗಳು ಕಾಣುತ್ತವೆ, ಅವೇ ಕಾಲು. ಒಂದು ಬದಿಯಲ್ಲಿ 30, ಎರಡೂ ಬದಿ ಸೇರಿ 60 ಇದ್ದರೆ ಅದು ಜಪಾನಿನ ಫ್ಯಾಮಿಕಾಮ್ ಎಂಬ ಗೇಮ್ ಸೆಟ್ಟಿನ ಅಳತೆಯದ್ದು. ನಿಂಟೆಂಡೊ ಕಂಪನಿ ಆ ಸೆಟ್ಟನ್ನು 1983ರಲ್ಲಿ ಬಿಟ್ಟಿತು. ನಮ್ಮಲ್ಲಿ ಓಡಾಡಿದ ಟರ್ಮಿನೇಟರ್, ಲಿಟಲ್ ಮಾಸ್ಟರ್ ಥರದ ಸೆಟ್ಟುಗಳೆಲ್ಲ ಅದರದೇ ನಕಲು, ಹಾಗಾಗಿ ನಿಮ್ಮ ಮನೆಯದ್ದೂ ಬಹುಶಃ 60 ಕಾಲಿನದ್ದೇ. ಒಂದು ಬದಿಯಲ್ಲಿ 36, ಒಟ್ಟು 72 ಇದ್ದರೆ ಅದು ಅದೇ ನಿಂಟೆಂಡೊ ಅಮೆರಿಕ, ಯುರೋಪಿನಲ್ಲಿ ಮಾರಿದ ಸೆಟ್ಟಾದ ಎನ್‌ಇಎಸ್‌ನದ್ದು. ಅದು ಸಿಕ್ಕಿದರೆ ಸ್ವಲ್ಪ ಎದ್ದು ಕುಳಿತುಕೊಳ್ಳಿ.

ಸೆಗಾ ಕಂಪನಿಯ ಮೆಗಾ ಡ್ರೈವ್ ಸೆಟ್ಟು ನಮ್ಮ ದೇಶದಲ್ಲಿ 1990ರ ದಶಕದ ನಡುವಿನಲ್ಲಿ ಅಧಿಕೃತವಾಗಿಯೇ ಸಿಗುತ್ತಿತ್ತು. ಶಾ ವಾಲೇಸ್ ಕಂಪನಿ ತಂದು ಮಾರಿದ ಬೆಲೆ 18,000 ರೂಪಾಯಿ. ಆಗಿನ 18,000! ಆದ್ದರಿಂದ ನಮ್ಮ ಊರಿನಲ್ಲಿ ಅಸಲಿ ಸೆಗಾ ಕಂಡರೆ ಅದು ಹೆಚ್ಚಾಗಿ ಗಲ್ಫ್ ಸಾಮಾನು.

ಆಮೇಲೆ ಬಿಚ್ಚಿ

ನಕಲಿ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಮಾಮೂಲಿ ಸ್ಟಾರ್ ಸ್ಕ್ರೂ ಇರುತ್ತದೆ, ಇಲ್ಲದಿದ್ದರೆ ಸುಮ್ನೆ ಒತ್ತಿ ಕೂರಿಸಿದ ಎರಡು ಚಿಪ್ಪು. ನಿಂಟೆಂಡೊದ ಎನ್‌ಇಎಸ್ ಕ್ಯಾಸೆಟ್ಟುಗಳಿಗೆ ಹೆಚ್ಚಾಗಿ ಬೇರೆಯೇ ತಲೆಯ ಸ್ಕ್ರೂ, ಅದಕ್ಕೆ 3.8 ಮಿಲಿಮೀಟರಿನ ಗೇಮ್‌ಬಿಟ್ ಎಂಬ ಸ್ಕ್ರೂಡ್ರೈವರ್ ಬೇಕು. ಆನ್‌ಲೈನಿನಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಪೆನ್ನಿನ ಕೊಳವೆ ಕಾಯಿಸಿ ಸ್ಕ್ರೂಗೆ ಒತ್ತುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಕರಗಿದ ಪ್ಲಾಸ್ಟಿಕ್ ಸ್ಕ್ರೂವಿನೊಳಗೇ ಕೂತುಬಿಡುತ್ತದೆ.

ಬಿಚ್ಚಿದ ಮೇಲೆ ಅಂಗೈಯಗಲದ ಹಸಿರು ಸರ್ಕ್ಯೂಟ್ ಹಲಗೆ ಕಾಣುತ್ತದೆ. ಅದರ ಮೇಲೆ ಕಾಲುಗಳಿರುವ ಕಪ್ಪು ಐಸಿಗಳು (ಎಲೆಕ್ಟ್ರಾನಿಕ್ ಚಿಪ್), ಪಕ್ಕದಲ್ಲಿ ನಿಂಟೆಂಡೊ ಹೆಸರು, ಇಸವಿ ಅಚ್ಚಾಗಿದ್ದರೆ ಅಸಲಿ ಇರುವ ಸಾಧ್ಯತೆ ಜಾಸ್ತಿ. ಅದರ ಬದಲು ಕರಗಿದ ಡಾಂಬರಿನ ಹನಿ ಬಿದ್ದ ಹಾಗೆ ಕಪ್ಪು ಗುಂಡು ಇದ್ದರೆ ನೂರಕ್ಕೆ ನೂರು ಅಲ್ಲದಿದ್ದರೂ ಬಹುಮಟ್ಟಿಗೆ ನಕಲು. ನಾನು ಒಮ್ಮೆ ಆನ್‌ಲೈನಿನಲ್ಲಿ ಫೋಟೋ ನೋಡಿ 'ಒರಿಜಿನಲ್ ಕಾಂಟ್ರಾ' ಆಟದ ಕ್ಯಾಸೆಟ್ ಅಂತ 2,200 ರೂಪಾಯಿ ಕೊಟ್ಟು ತರಿಸಿದ್ದೆ. ಬಿಚ್ಚಿದರೆ ಗುಂಡು. ಮಾರಿದವನು ಮತ್ತೆ ಫೋನ್ ಎತ್ತಲಿಲ್ಲ. ಅಂದಿನಿಂದ ಹಲಗೆಯ ಫೋಟೋ ಕಳಿಸದವರ ಹತ್ತಿರ ನಾನು ವ್ಯಾಪಾರವನ್ನೇ ಮಾಡುವುದಿಲ್ಲ.

ನಿಂಟೆಂಡೊದ್ದೇ ಆದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಕ್ಯಾಸೆಟ್ಟಿಗೆ ಇನ್ನೊಂದು ಗುರುತು ಉಂಟು. ಲೇಬಲನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಸಲಿಯಾದರೆ ಒಂದೆರಡು ಅಂಕಿ ಒತ್ತಿದ ಗುರುತು ಮಸುಕಾಗಿ ಕಾಣುತ್ತದೆ.

'9999999 ಇನ್ 1' ಅಂತ ಬರೆದದ್ದನ್ನು ಬಿಚ್ಚುವ ಅಗತ್ಯವೇ ಇಲ್ಲ. ಅದರಲ್ಲಿ ಇರುವುದು ಬೆರಳೆಣಿಕೆಯ ಆಟಗಳು, ಅವನ್ನೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಲೆವೆಲ್ಲಿನಿಂದ ಶುರುಮಾಡಿ ಪಟ್ಟಿ ಉದ್ದ ಮಾಡಿದ್ದಾರೆ. ಅಷ್ಟು ಆಟ ಹಿಡಿಸುವುದು ಹೇಗೆ ಅಂತ ಚಿಕ್ಕವನಿದ್ದಾಗ ತಲೆ ಕೆಡಿಸಿಕೊಂಡಿದ್ದೆ. 1985ರ ಸೂಪರ್ ಮಾರಿಯೋ ಇಡೀ ಆಟವೇ 40 ಕಿಲೋಬೈಟ್, ಈಗಿನ ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟೂ ಇಲ್ಲ.

ಊದಬೇಡಿ

ನಾವೆಲ್ಲ ಮಾಡಿದ ತಪ್ಪು. ಊದಿದಾಗ ಎಂಜಲಿನ ತೇವ ಲೋಹಕ್ಕೆ ತಾಗಿ ನಿಧಾನವಾಗಿ ಕಿಲುಬು ಹಿಡಿಯುತ್ತದೆ. ಊದಿ ಮತ್ತೆ ಹಾಕಿದಾಗ ಆಟ ಬರುತ್ತಿತ್ತಲ್ಲ ಅಂತ ಕೇಳಬಹುದು. ಬಂದದ್ದು ತೆಗೆದು ಮತ್ತೆ ಹಾಕಿದ್ದಕ್ಕೆ, ಪಟ್ಟಿಗಳು ಇನ್ನೊಮ್ಮೆ ಸರಿಯಾಗಿ ತಾಗಿದವು ಅಷ್ಟೇ.

ಸರಿಯಾದ ಮದ್ದು ಐಸೊಪ್ರೊಪೈಲ್ ಆಲ್ಕೋಹಾಲ್, 99 ಶೇಕಡಾದ್ದು. ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ ಪಟ್ಟಿಗಳ ಮೇಲೆ ಉದ್ದುದ್ದಕ್ಕೆ ಎಳೆಯಿರಿ. ಕಡ್ಡಿ ಕಪ್ಪಾಗುತ್ತದೆ. ಬಿಸಾಡಿ, ಇನ್ನೊಂದು ತೆಗೆದುಕೊಳ್ಳಿ. ಕಡ್ಡಿ ಬೆಳ್ಳಗೇ ಉಳಿಯುವವರೆಗೆ ಮಾಡಿ, ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ಕಿಲುಬು ಹೋಗದಿದ್ದರೆ ಮೆತ್ತಗಿನ ಬಿಳಿ ರಬ್ಬರ್. ಮರಳು ಕಾಗದ ಮಾತ್ರ ಮುಟ್ಟಿಸಬೇಡಿ. ನಾನು ಮುಟ್ಟಿಸಿದ್ದೆ, ಪಟ್ಟಿ ಫಳಫಳ ಹೊಳೆಯಿತು, ಮೇಲಿನ ತೆಳು ಲೇಪ ಪೂರ್ತಿ ಹೋಗಿತ್ತು, ಮುಂದಿನ ಮಳೆಗಾಲಕ್ಕೆ ತಾಮ್ರವೆಲ್ಲ ಹಸಿರು.

ಆಟ ಉಳಿಸಿಕೊಳ್ಳುವ ಸೌಲಭ್ಯ ಇರುವ ಕೆಲವು ಕ್ಯಾಸೆಟ್ಟುಗಳ ಒಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. 1987ರಲ್ಲಿ ಅಮೆರಿಕಕ್ಕೆ ಬಂದ ಜೆಲ್ಡಾ ಆಟದ ಚಿನ್ನದ ಬಣ್ಣದ ಕ್ಯಾಸೆಟ್ಟಿನಲ್ಲಿ ಇರುವುದು ಸಿಆರ್2032. ಬದಲಾಯಿಸಿದರೆ ಹಳೆಯ ಆಟ ಅಳಿಸಿಹೋಗುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿ. ಬೆಸುಗೆಯ ಕೆಲಸ ಬರದಿದ್ದರೆ ಬಲ್ಲವರಿಗೆ ಕೊಡಿ.

ಈಗ ಬೆಲೆ

ಬರೀ ಕ್ಯಾಸೆಟ್ ಒಂದು ಲೆಕ್ಕ, ಡಬ್ಬ ಮತ್ತು ಪುಸ್ತಕ ಸಮೇತ ಇದ್ದರೆ ಇನ್ನೊಂದು ಲೆಕ್ಕ, ಬಿಚ್ಚದೇ ಇದ್ದರೆ ಅದು ಬೇರೆಯೇ ಲೋಕ. ಇ-ಬೇಯಲ್ಲಿ ಹುಡುಕುವಾಗ ಕೇಳುವ ಬೆಲೆ ನೋಡಬೇಡಿ, ಕೇಳುವವರು ಏನು ಬೇಕಾದರೂ ಕೇಳುತ್ತಾರೆ. ಮಾರಾಟವಾದದ್ದನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಪ್ರೈಸ್‌ಚಾರ್ಟಿಂಗ್ ಎಂಬ ಜಾಲತಾಣದಲ್ಲೂ ಮಾರಾಟವಾದ ಬೆಲೆಗಳು ಒಟ್ಟಿಗೆ ಸಿಗುತ್ತವೆ. ಆದರೆ ಅವು ಡಾಲರಿನ ಬೆಲೆಗಳು, ಅಸಲಿ ಮಾಲಿಗೆ. 60 ಕಾಲಿನ ನಕಲಿಗೆ ಅದನ್ನು ಹಚ್ಚಿದರೆ ನಗೆಪಾಟಲು. ಅಂಥದ್ದಕ್ಕೆ ನಾನು ಕೊಡುವುದು 100ರಿಂದ 150 ರೂಪಾಯಿ, ಅದೂ ಲೇಬಲ್ ಚೆನ್ನಾಗಿದ್ದರೆ.

ಹಳತಾದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಮಾರಿಯೋ ಮತ್ತು ಡಕ್ ಹಂಟ್ ಒಟ್ಟಿಗೆ ಇರುವ ಎನ್‌ಇಎಸ್ ಕ್ಯಾಸೆಟ್ ಸೆಟ್ಟಿನ ಜತೆಗೇ ಬರುತ್ತಿತ್ತು, ಲೆಕ್ಕವಿಲ್ಲದಷ್ಟು ಇವೆ, ಆದ್ದರಿಂದ ಅಗ್ಗ. 1990ರ ನಿಂಟೆಂಡೊ ವರ್ಲ್ಡ್ ಚಾಂಪಿಯನ್‌ಶಿಪ್ಸ್‌ಗೆ ಮಾಡಿದ ಕ್ಯಾಸೆಟ್ಟುಗಳು ಬೂದು ಬಣ್ಣದ್ದು 90, ಚಿನ್ನದ ಬಣ್ಣದ್ದು 26. ಅದಕ್ಕೆ ಜನ ಜಗಳಾಡುತ್ತಾರೆ.

ಉಪ್ಪಳದ ಒಂದು ಗುಜರಿ ಅಂಗಡಿಯಲ್ಲಿ ಅಕ್ಕಿ ಗೋಣಿಯ ಅಡಿಯಲ್ಲಿ ನನಗೆ ನಾಲ್ಕು ಸೆಗಾ ಕ್ಯಾಸೆಟ್ ಸಿಕ್ಕಿದವು. 'ಎಷ್ಟು ಇಚ್ಚ?' ಅಂತ ಅಂಗಡಿಯವರನ್ನು ಕೇಳಿದೆ. 'ಓಡುವುದಿಲ್ಲ ಮಾಷೇ, ಪ್ಲಾಸ್ಟಿಕ್ಕಿನ ರೇಟ್ ಕೊಡಿ' ಅಂದರು. ತೂಗಿದರು, 20 ರೂಪಾಯಿ ಆಯಿತು. ಮೂರು ನಕಲಿ, ಒಂದು ಅಸಲಿ. ಆ ಅಸಲಿಯ ಲೇಬಲ್ ಮೇಲೆ ಬಾಲ್ ಪೆನ್ನಿನಲ್ಲಿ ಮಲಯಾಳದ ಹೆಸರು, ಕೆಳಗೆ '5 ಬಿ'. ಪೆನ್ನಿನ ಬರಹ ಇದ್ದರೆ ಬೆಲೆ ಇಳಿಯುತ್ತದೆ. ಹಾಗಂತ ಸ್ಪಿರಿಟ್ ಹಾಕಿ ಉಜ್ಜಿದರೆ ಲೇಬಲ್ಲಿನ ಬಣ್ಣವೂ ಕಿತ್ತು ಬರುತ್ತದೆ, ಇನ್ನಷ್ಟು ಇಳಿಯುತ್ತದೆ. ಇದ್ದ ಹಾಗೇ ಬಿಡಿ.

ಇಡುವ ಜಾಗದ ಬಗ್ಗೆ ಇಷ್ಟೇ: ಅಟ್ಟ ಬೇಡ, ಅಡುಗೆಮನೆಯ ಮೇಲಿನ ಅಟ್ಟವಂತೂ ಬೇಡವೇ ಬೇಡ. ಹೊಗೆ, ಉಪ್ಪುಗಾಳಿ, ಜೂನಿನಿಂದ ಬಿಡದ ಮಳೆ, ಲೇಬಲ್ಲಿಗೆ ಬೂಷ್ಟು ಬರಲು ಇನ್ನೇನು ಬೇಕು? ಒಂದೊಂದನ್ನೂ ಜಿಪ್ ಕವರಿಗೆ ಹಾಕಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಪೊಟ್ಟಣ ಬದಲಿಸಿ. ಮಾರುವ ಮನಸ್ಸಿದ್ದರೆ ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಮಳೆಯೂ ಮುಗಿಯಲಿ, ಆಮೇಲೆ ಪಾರ್ಸೆಲ್ ಮಾಡಿ. ಆಟಿ ತಿಂಗಳ ಮಳೆಯಲ್ಲಿ ನಾನು ಕಳಿಸಿದ ಒಂದು ರಟ್ಟಿನ ಡಬ್ಬ ಮುಂಬೈ ಮುಟ್ಟುವಾಗ ಒದ್ದೆ ಹಪ್ಪಳದ ಹಾಗಾಗಿತ್ತು.