‘ಮುಂಗಡ’ ಎಂಬ ಮಾತನ್ನು ಜರ್ನಲ್‌ಗೆ ಒಯ್ದದ್ದು

ಮಂಡ್ಯದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಪಿಎಚ್‌.ಡಿ. ಮಾಡಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಮಂಡ್ಯದ ಸುತ್ತಮುತ್ತ ಆಲೆಮನೆಗಳಲ್ಲಿ ದುಡಿಯುವವರು ಕೆಲಸ ಶುರುವಾಗುವ ಮುಂಚೆಯೇ ಮಾಲೀಕರಿಂದ ಹಣ ಇಸಿದುಕೊಳ್ಳುತ್ತಾರಲ್ಲ, ಆ ಮುಂಗಡವೇ ನನ್ನ ವಿಷಯ. ಪ್ರಬಂಧದ ಒಂದು ಅಧ್ಯಾಯ ಇಂಗ್ಲಿಷಿನ ಸಮಾಜಶಾಸ್ತ್ರ ಜರ್ನಲ್‌ನಲ್ಲಿ ಲೇಖನವಾಗಿ ಬರಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ಏನೇನು ಮಾಡಿದೆ ಎಂದು ಕೇಳಿಕೊಂಡು ನನ್ನ ಕಿರಿಯರು ಬರುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಕಳಿಸಿದ್ದು ಅಧ್ಯಾಯವನ್ನೇ. ಹದಿನೆಂಟು ಸಾವಿರ ಪದ ಇದ್ದದ್ದನ್ನು ಕತ್ತರಿಸಿ ಒಂಬತ್ತು ಸಾವಿರಕ್ಕೆ ತಂದು, ಮೇಲೊಂದು ಸಾರಾಂಶ ಅಂಟಿಸಿ ಕಳಿಸಿದೆ. ಮೂರು ವಾರಕ್ಕೆ ಉತ್ತರ ಬಂತು, ಮೂರೇ ಸಾಲು. ಲೇಖನ ಓದಿ ಅಭಿಪ್ರಾಯ ಹೇಳುವ ಪರಿಶೀಲಕರ ಕೈಗೂ ಹೋಗದೆ ಸಂಪಾದಕರ ಮೇಜಿನಿಂದಲೇ ವಾಪಸ್. ಕಾಗದ ಹಿಡಿದುಕೊಂಡು ನನ್ನ ಗೈಡ್ ಮೇಡಂ ಹತ್ತಿರ ಹೋದೆ. ಅವರು ಮೊದಲ ನಾಲ್ಕು ಪುಟ ತಿರುವಿ ಹಾಕಿ, ‘ಇದು ಅಧ್ಯಾಯ ಕಣಪ್ಪ, ಲೇಖನ ಅಲ್ಲ. ಇದರಲ್ಲಿ ನಿನಗೆ ಏನೇನು ಗೊತ್ತು ಅಂತ ಇದೆ. ನೀನು ಯಾರ ಮಾತಿಗೆ ಏನು ಉತ್ತರ ಕೊಡ್ತಿದೀಯ ಅಂತ ಎಲ್ಲಿದೆ?’ ಅಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪ್ರಬಂಧ ಬರೆಯುವಾಗ ಪರೀಕ್ಷಕರಿಗೆ ನಾವು ಓದಿದ್ದನ್ನೆಲ್ಲ ತೋರಿಸಬೇಕು. ಜರ್ನಲ್ ಓದುವವರಿಗೆ ಅದರ ಅಗತ್ಯವೇ ಇಲ್ಲ, ಅವರೂ ಅದನ್ನೇ ಓದಿರುತ್ತಾರೆ. ಒಂದು ಬೇಸಿಗೆ ರಜೆ ಪೂರ್ತಿ ಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗಿ, ನಾನು ಕಳಿಸಬೇಕೆಂದಿದ್ದ ಇನ್ನೊಂದು ಜರ್ನಲ್‌ನ ಐದು ವರ್ಷದ ಸಂಚಿಕೆಗಳನ್ನು ಓದಿದೆ. ಲೇಖನಗಳ ಮೊದಲ ಎರಡು ಪುಟ ಮತ್ತು ಕೊನೆಯ ಪುಟ, ಅಷ್ಟೇ. ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಈ ಮಾತುಕತೆಗೆ ದೊಡ್ಡ ವಯಸ್ಸೇ ಇದೆ. ಭಾರತೀಯ ಸಮಾಜಶಾಸ್ತ್ರ ಸಂಘದ ‘ಸೋಷಿಯಲಾಜಿಕಲ್ ಬುಲೆಟಿನ್’ ಶುರುವಾದದ್ದು 1952ರಲ್ಲಿ. ಲೂಯಿ ಡ್ಯೂಮೋ ಮತ್ತು ಡೇವಿಡ್ ಪೊಕಾಕ್ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ ಆರಂಭಿಸಿದ್ದು 1957ರಲ್ಲಿ. ಅಲ್ಲಿಗೆ ಹೊಸಬರು ಹೋಗಿ ಕೂರುವ ಮುಂಚೆ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಬೇಕು.

ಓದಿ ಮುಗಿಸಿದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಒಂದು ಹಾಳೆ ತೆಗೆದುಕೊಂಡು, ನಾನು ಹೇಳಬೇಕಾದದ್ದನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಬರೆದೆ. ಇಂಗ್ಲಿಷಿನಲ್ಲಿ ನನಗೆ ದೊಡ್ಡ ದೊಡ್ಡ ಪದಗಳು ಬೇಗ ಒದಗುತ್ತವೆ, ಅವುಗಳ ಮರೆಯಲ್ಲಿ ವಾದ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಹಾಗೆ ಮರೆಮಾಚಲು ನನಗೆ ಆಗಲಿಲ್ಲ. ಆ ಪುಟದ ಮೇಲಿಂದಲೇ ಲೇಖನವನ್ನು ಹೊಸದಾಗಿ ಕಟ್ಟಿದೆ.

ಈ ಮಧ್ಯೆ ಬೇರೆ ದಾರಿಯೂ ಕಣ್ಣ ಮುಂದೆ ಇತ್ತು. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬರುತ್ತಿತ್ತು, ದುಡ್ಡು ಕಟ್ಟಿದರೆ ಐದು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಮೇತ. ಬಡ್ತಿಗೆ ಅಂಕ ಬೇಕಾದವರು, ಪ್ರಬಂಧ ಒಪ್ಪಿಸುವ ಅವಸರದಲ್ಲಿದ್ದವರು ಅದಕ್ಕೆ ಬಿದ್ದದ್ದನ್ನು ಹತ್ತಿರದಿಂದ ನೋಡಿದ್ದೇನೆ, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಪಿಎಚ್‌.ಡಿ.ಗೆ ಲೇಖನ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿತು. ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿತು. ಈಗ ಯಾವ ಜರ್ನಲ್ ಸಾಚಾ ಎಂದು ನಾವೇ ನೋಡಿಕೊಳ್ಳಬೇಕು. ನಾನು ನೋಡುವುದು ಇಷ್ಟು: ಸಂಪಾದಕ ಮಂಡಳಿಯಲ್ಲಿರುವವರ ಬರಹವನ್ನು ನಾನು ಓದಿದ್ದೇನಾ, ನಾನು ಗೌರವಿಸುವವರು ಅಲ್ಲಿ ಬರೆದಿದ್ದಾರಾ, ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಅವರೇ ಹೇಳಿಕೊಂಡಿದ್ದಾರಾ.

ಕಳಿಸುವ ಕೆಲಸಕ್ಕೆ ಒಂದು ಸಂಜೆ ಸಾಕು ಅಂದುಕೊಂಡಿದ್ದೆ, ಮೂರು ದಿನ ಬೇಕಾಯಿತು. ಪರಿಶೀಲಕರಿಗೆ ನಾನು ಯಾರೆಂದು ತಿಳಿಯಬಾರದು, ನನಗೆ ಅವರು ಯಾರೆಂದು ತಿಳಿಯಬಾರದು. ಹಾಗಾಗಿ ಹೆಸರು, ಕಾಲೇಜು, ಕೃತಜ್ಞತೆ ಎಲ್ಲ ಬೇರೆ ಫೈಲಿನಲ್ಲಿ, ಲೇಖನ ಬೇರೆ ಫೈಲಿನಲ್ಲಿ. ‘ನನ್ನ ಹಿಂದಿನ ಲೇಖನದಲ್ಲಿ ಹೇಳಿದಂತೆ’ ಎಂದಿದ್ದ ಎರಡು ಕಡೆ ತಿದ್ದಿದೆ. ವರ್ಡ್ ಫೈಲಿನ ಗುಣವಿವರದಲ್ಲಿ ನನ್ನ ಹೆಸರು ಕೂತಿತ್ತು, ಅದನ್ನು ನೋಡಿದ್ದು ಕೊನೇ ಗಳಿಗೆಯಲ್ಲಿ. ಓರ್ಕಿಡ್ ಸಂಖ್ಯೆ ಕೇಳಿದರು, ಸಂಶೋಧಕರ ಗುರುತಿನ ಸಂಖ್ಯೆ ಅದು, ಹದಿನಾರು ಅಂಕಿಯದು, ಪುಕ್ಕಟೆ ಸಿಗುತ್ತದೆ. ಇನ್ನೆಲ್ಲೂ ಕಳಿಸಿಲ್ಲ ಎಂದು ಒಪ್ಪಿಗೆ ಹಾಕಬೇಕು. ಒಂದೇ ಲೇಖನವನ್ನು ಒಂದೇ ಸಲಕ್ಕೆ ಎರಡು ಕಡೆ ಕಳಿಸುವುದು ದೊಡ್ಡ ತಪ್ಪು. ಕಾಯುವುದು ಎಷ್ಟೇ ಕಷ್ಟವಾದರೂ ಆ ಕೆಲಸ ಮಾಡಬೇಡಿ.

ನನ್ನ ಹೆಸರು ಮುಚ್ಚುವುದು ಸುಲಭ. ಊರಿನ ಹೆಸರು ಮುಚ್ಚುವುದಕ್ಕೆ ತುಂಬಾ ಯೋಚನೆ ಮಾಡಬೇಕಾಯಿತು. ಈ ಸೀಮೆಯ ಊರುಗಳು ಸಮಾಜಶಾಸ್ತ್ರಕ್ಕೆ ಹೊಸವಲ್ಲ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಮಂಡ್ಯಕ್ಕೆ ಬಂದು, ಕಾಲುವೆ ನೀರು ಹರಿದ ಒಂದು ಊರಿಗೆ ವಂಗಲ ಎಂದೂ ನೀರು ಹತ್ತದೆ ಒಣಗಿ ಉಳಿದ ಇನ್ನೊಂದು ಊರಿಗೆ ದಲೇನ ಎಂದೂ ಹೆಸರಿಟ್ಟರು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹೋಗಿ ಉಳಿದ ಕೊಡಗಹಳ್ಳಿಯನ್ನು ರಾಮಪುರ ಎಂದು ಕರೆದರು. ಆದರೆ ರಾಮಪುರ ಯಾವುದೆಂದು ಇವತ್ತು ಎಲ್ಲರಿಗೂ ಗೊತ್ತು. ಬರೀ ಹೆಸರು ಬದಲಿಸಿದರೆ ಊರು ಅಡಗುವುದಿಲ್ಲ. ನನ್ನ ಲೇಖನದಲ್ಲಂತೂ ಜನರಿಗೆ ತೊಂದರೆಯಾಗುವ ಸಂಗತಿ ಇತ್ತು. ಹಾಗಾಗಿ ಊರಿನ ದೇವಸ್ಥಾನ ತೆಗೆದೆ, ಹೆದ್ದಾರಿಯಿಂದ ಎಷ್ಟು ದೂರ ಎಂಬುದನ್ನು ತೆಗೆದೆ, ಮೂರು ಆಲೆಮನೆಗಳ ವಿವರವನ್ನು ಬೆರೆಸಿ ಯಾವುದು ಯಾವುದೆಂದು ತಿಳಿಯದ ಹಾಗೆ ಬರೆದೆ. ಹೀಗೆ ಬೆರೆಸಿದ್ದೇನೆಂದು ಅಡಿಟಿಪ್ಪಣಿಯಲ್ಲಿ ಹೇಳಿಯೂ ಇದ್ದೇನೆ.

ಏಳು ತಿಂಗಳಾದ ಮೇಲೆ ಎರಡು ವರದಿ ಬಂದವು. ಮೊದಲನೆಯದು ಅರ್ಧ ಪುಟ, ಪರವಾಗಿಲ್ಲ ಎಂಬ ಧಾಟಿ. ಎರಡನೆಯದು ಮೂರು ಪುಟ. ದೊಡ್ಡ ತಿದ್ದುಪಡಿ ಮಾಡಿ ಮೂರು ತಿಂಗಳಲ್ಲಿ ಮತ್ತೆ ಕಳಿಸಿ ಎಂದು ಸಂಪಾದಕರು ಬರೆದಿದ್ದರು. ಆ ಮೂರು ಪುಟ ಓದಿ ಒಂದು ವಾರ ಮುಚ್ಚಿಟ್ಟೆ. ಆಮೇಲೆ ತೆಗೆದು ನೋಡಿದರೆ, ನನ್ನ ಲೇಖನವನ್ನು ಅಷ್ಟು ಎಚ್ಚರದಿಂದ ಓದಿದವರು ಅದುವರೆಗೆ ಯಾರೂ ಇರಲಿಲ್ಲ.

ಅವರ ಮುಖ್ಯ ಆಕ್ಷೇಪ ಹೀಗಿತ್ತು. ನಾನು ಲೇಖನದುದ್ದಕ್ಕೂ ಮುಂಗಡವನ್ನು ‘ಅಡ್ವಾನ್ಸ್’ ಎಂದು ಅನುವಾದಿಸಿದ್ದೆ. ಸಾಲಕ್ಕೆ ಕಟ್ಟುಬಿದ್ದು ಒಡೆಯನ ಹೊಲದಲ್ಲಿ ದುಡಿಯುವ ದಕ್ಷಿಣ ಗುಜರಾತಿನ ‘ಹಾಲಿ’ ಪದ್ಧತಿಯ ಬಗ್ಗೆ ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಮಾಡಿದ ಕೆಲಸವನ್ನು ಮುಂದಿಟ್ಟುಕೊಂಡು, ಹಳೆಯ ಜೀತವೇ ಹೊಸ ರೂಪದಲ್ಲಿ ಇಲ್ಲಿದೆ ಎಂದು ವಾದಿಸಿದ್ದೆ. ಪರಿಶೀಲಕರು ಬರೆದಿದ್ದರು: ನಿಮ್ಮ ಹದಿನಾಲ್ಕನೆಯ ಪುಟದಲ್ಲಿ ಒಬ್ಬ ಕೆಲಸಗಾರರು ಹೇಳುವ ಮಾತು ನಿಮ್ಮ ವಾದಕ್ಕೆ ಹೊಂದುವುದಿಲ್ಲ, ನೀವು ಅದನ್ನು ಉಲ್ಲೇಖಿಸಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಆ ಮಾತು ಕೇಳಿಸಿಕೊಂಡ ಬೆಳಗಿನ ಜಾವ ನನಗೆ ಚೆನ್ನಾಗಿ ನೆನಪಿದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. (ಕಬ್ಬಿನ ಹಾಲು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಲೇಖನದಲ್ಲಿ ಅದಕ್ಕೂ ಒಂದು ಟಿಪ್ಪಣಿ ಹಾಕಬೇಕಾಯಿತು.) ಆ ಕೆಲಸಗಾರರು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಣಗಿದ ಕಬ್ಬಿನ ಸಿಪ್ಪೆಯನ್ನು ಹಿಡಿಹಿಡಿಯಾಗಿ ಒಳಕ್ಕೆ ತಳ್ಳುತ್ತಿದ್ದರು. ಸಾಲ ಎಷ್ಟಿದೆ ಎಂದು ಕೇಳಿದೆ. ಕೈ ನಿಲ್ಲಿಸದೆ, ಮುಖ ತಿರುಗಿಸದೆ ಹೇಳಿದರು: ‘ಸಾಲ ಅಲ್ಲ ಮೇಷ್ಟ್ರೇ, ಮುಂಗಡ. ಸಾಲ ಅಂದ್ರೆ ಕಾಸಲ್ಲಿ ತೀರ್ಸದು. ಮುಂಗಡ ಅಂದ್ರೆ ಮೈಯಲ್ಲಿ ತೀರ್ಸದು.’ ಹಾಗಾದರೆ ಜೀತವಾ ಅಂದೆ. ‘ಜೀತ ನಮ್ಮಪ್ಪಂದು. ನಾನು ಬ್ಯಾಡ ಅಂದ್ರೆ ಮುಂದಿನ ಸಲ ಇನ್ನೊಂದು ಆಲೆಮನೆಗೆ ಹೋಯ್ತೀನಿ, ಅವ್ನು ಇವ್ನ ಮುಂಗಡ ಕಟ್ತಾನೆ’ ಅಂದರು.

ಮೈಯಲ್ಲಿ ತೀರಿಸುವುದು, ಆದರೆ ಅಪ್ಪನ ಜೀತ ಅಲ್ಲ. ಒಬ್ಬನಿಂದ ಬಿಡುಗಡೆ ಇದೆ, ಮುಂಗಡದಿಂದ ಇಲ್ಲ. ಲೇಖನದ ವಾದ ಅಲ್ಲೇ ಇತ್ತು, ಅದನ್ನು ಅವರೇ ಹೇಳಿಕೊಟ್ಟಿದ್ದರು. ಬ್ರೆಮನ್ನರ ಮಾತನ್ನು ನಮ್ಮೂರಿಗೆ ಹೊಂದಿಸುವ ಹಟದಲ್ಲಿ ನಾನು ಅದನ್ನು ದಾಟಿಕೊಂಡು ಹೋಗಿದ್ದೆ.

ಅನುವಾದದ ತಪ್ಪು ಇನ್ನೂ ದೊಡ್ಡದು ಎಂದು ಆಮೇಲೆ ಗೊತ್ತಾಯಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ತೆಗೆದು ನೋಡಿದೆ. ವ್ಯಾಖ್ಯೆಗಳ ಪಟ್ಟಿಯಲ್ಲಿ ಮೊಟ್ಟಮೊದಲ ಪದವೇ ‘ಅಡ್ವಾನ್ಸ್’. ಕಾಸಿನ ರೂಪದಲ್ಲಾಗಲಿ ವಸ್ತುವಿನ ರೂಪದಲ್ಲಾಗಲಿ ಸಾಲಗಾರನಿಗೆ ಮುಂಚಿತವಾಗಿ ಕೊಟ್ಟದ್ದು. ಅಂದರೆ ನಾನು ಸುಮ್ಮನೆ ಅನುವಾದ ಅಂದುಕೊಂಡು ಹಾಕಿದ ಪದ, ಕಾನೂನಿನ ಕಣ್ಣಲ್ಲಿ ಆಗಲೇ ತೀರ್ಪು ಕೊಟ್ಟಂತೆ. ಅವರು ‘ಇದು ಜೀತ ಅಲ್ಲ’ ಎಂದು ಹೇಳುತ್ತಿರುವಾಗ, ನಾನು ಪದದ ಆಯ್ಕೆಯಲ್ಲೇ ಅವರ ಮಾತನ್ನು ಅಳಿಸಿದ್ದೆ. ಅದು ನನಗೆ ತುಂಬಾ ನೋವು ಕೊಟ್ಟಿತು.

ತಿದ್ದುಪಡಿಯಲ್ಲಿ ‘ಅಡ್ವಾನ್ಸ್’ ಪೂರ್ತಿ ತೆಗೆದೆ. ಮೊದಲ ಪುಟದಲ್ಲೇ ಮುಂಗಡವನ್ನು ಮುಂಗಡ ಎಂದೇ ಇಟ್ಟು, ಸಾಲ, ಜೀತ, ಮುಂಗಡ ಮೂರಕ್ಕೂ ಜನ ಮಾಡುವ ವ್ಯತ್ಯಾಸವನ್ನು ಬಿಡಿಸಿ ಬರೆದೆ. ಆಲೆಮನೆಯ ಮಾತನ್ನು ಶೀರ್ಷಿಕೆಯಲ್ಲಿಟ್ಟೆ. ಬ್ರೆಮನ್ ಮೂರನೆಯ ಭಾಗಕ್ಕೆ ಹೋದರು, ಹೋಲಿಕೆಗೆ ಮಾತ್ರ.

ಪರಿಶೀಲಕರಿಗೆ ಬರೆಯುವ ಉತ್ತರವೂ ಲೇಖನದಷ್ಟೇ ಶ್ರಮ ಕೇಳುತ್ತದೆ. ಅವರ ಒಂದೊಂದು ಮಾತನ್ನೂ ಹಾಗೇ ನಕಲು ಮಾಡಿ, ಅದರ ಕೆಳಗೆ ನಾನು ಏನು ಮಾಡಿದೆ, ಯಾವ ಪುಟದಲ್ಲಿ ಎಂದು ಬರೆದೆ. ಒಂದು ಮಾತನ್ನು ಒಪ್ಪಲಿಲ್ಲ. ಕೂಲಿಯ ದರಗಳನ್ನು ಕೋಷ್ಟಕದಲ್ಲಿ ಕೊಡಿ ಎಂದಿದ್ದರು. ಊರು ಯಾವುದೆಂದು ಅದರಿಂದ ತಿಳಿದುಬಿಡಬಹುದು, ಅದಕ್ಕೆ ಕೊಡುವುದಿಲ್ಲ ಎಂದು ಕಾರಣ ಸಮೇತ ಬರೆದೆ. ಅವರು ಒಪ್ಪಿದರು. ಎಲ್ಲಕ್ಕೂ ತಲೆಯಾಡಿಸಬೇಕು ಎಂದೇನಿಲ್ಲ, ಕಾರಣ ಗಟ್ಟಿಯಿದ್ದರೆ ಹೇಳಬಹುದು.

ಇನ್ನೂ ಒಂದು ಸಣ್ಣ ಸುತ್ತು ತಿದ್ದುಪಡಿ ಆಗಿ, ಒಪ್ಪಿಗೆ ಬಂತು. ಆ ದಿನ ಮನೆಯಲ್ಲಿ ಅಮ್ಮ ಹಾಲುಬಾಯಿ ಮಾಡಿದ್ದರು, ಅಚ್ಚು ಬೆಲ್ಲ ಹಾಕಿ.

ಕೊನೆಗೆ ಕರಡು ಬಂದಾಗ ನಲವತ್ತೆಂಟು ಗಂಟೆ ಸಮಯ ಕೊಟ್ಟಿದ್ದರು. ಕಾಲೇಜು ಮುಗಿಸಿಕೊಂಡು ಮಂಡ್ಯದಿಂದ ಮೈಸೂರಿನ ರೈಲು ಹತ್ತಿ, ಕಿಟಕಿ ಪಕ್ಕ ಕೂತು ಫೋನಿನಲ್ಲೇ ಓದುತ್ತ ಹೋದೆ. ಭಾಷೆ ತಿದ್ದುವವರು ಓದುಗರಿಗೆ ಸುಲಭವಾಗಲಿ ಎಂದು ಮೂರು ಕಡೆ ಮುಂಗಡವನ್ನು ಮತ್ತೆ ‘ಅಡ್ವಾನ್ಸ್’ ಮಾಡಿದ್ದರು. ರೋಮನ್ ಲಿಪಿಯಲ್ಲಿ ‘ಡ’ಕಾರದ ಕೆಳಗೆ ಇರಬೇಕಾದ ಚುಕ್ಕೆ ಎಲ್ಲ ಕಡೆಯೂ ಹಾರಿಹೋಗಿತ್ತು. ಪಾಂಡವಪುರ ದಾಟುವ ಹೊತ್ತಿಗೆ ಗುರುತು ಹಾಕಿ ಮುಗಿಸಿದ್ದೆ. ಮನೆಗೆ ಹೋಗಿ ಲ್ಯಾಪ್‌ಟಾಪ್ ತೆಗೆದು ಆ ಮೂರು ಪದ ವಾಪಸ್ ಹಾಕಿ, ಚುಕ್ಕೆಗಳನ್ನು ಒಂದೊಂದಾಗಿ ಇಟ್ಟು, ರಾತ್ರಿ ಹನ್ನೊಂದಕ್ಕೆ ಕಳಿಸಿದೆ.