ಹಳೇ ಹೊಲಿಗೆ ಮಿಷನ್ ಗುಜರಿಗೆ ಹಾಕುವ ಮುಂಚೆ

ಹಳೇ ಉಷಾ, ಸಿಂಗರ್, ಮೆರಿಟ್ ಮಿಷನ್ನುಗಳು ಗುಜರಿಯವನ ತಕ್ಕಡಿ ಏರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಗಾಲಿ ತಿರುಗ್ತಿಲ್ಲ, ಕೆಟ್ಟುಹೋಗಿದೆ ಅಂತಾರೆ. ಕಬ್ಬಿಣದ ಆ ಕಪ್ಪು ಮಿಷನ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಹೆಚ್ಚಾಗಿ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೇ. ಯಾರಾದರೂ ಕೈಗೆ ಸಿಕ್ಕಿತು ಅಂತ ಅಡುಗೆ ಎಣ್ಣೆ ಬಿಟ್ಟಿದ್ದರಂತೂ ಕೇಳಲೇಬೇಡಿ.

ಜೋರು ಮಾಡಿ ಗಾಲಿ ತಿರುಗಿಸಬೇಡಿ. ಮೊದಲು ಸೂಜಿ, ಬಾಬಿನ್ ಕೇಸ್ (ಅಡಿ ದಾರದ ಉರುಳೆ ಕೂರುವ ಡಬ್ಬಿ) ಎರಡನ್ನೂ ತೆಗೆದಿಡಿ. ಸೂಜಿ ಕೆಳಗಿನ ಪ್ಲೇಟಿನ ಸ್ಕ್ರೂ ಬಿಚ್ಚಿ ಎತ್ತಿದರೆ, ಬಟ್ಟೆ ಮುಂದೆ ತಳ್ಳುವ ಹಲ್ಲುಗಳ ಸಂದಿಯಲ್ಲಿ ಧೂಳು, ನೂಲು ಸೇರಿ ಕಂಬಳಿ ಚೂರಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಹಳೇ ಟೂತ್ ಬ್ರಷ್, ಸೇಫ್ಟಿ ಪಿನ್ ಹಿಡಿದು ಕೆರೆದು ತೆಗೆಯಿರಿ. ಬಾಬಿನ್ ಕೂರುವ ಜಾಗದ ಹಿಂದೆ ತುಂಡು ದಾರ ಸುತ್ತಿಕೊಂಡಿದೆಯಾ ನೋಡಿ. ಗಾಲಿ ಹಿಡಿದುಕೊಳ್ಳೋಕೆ ಅದೊಂದೇ ಸಾಕು.

ಆಮೇಲೆ ಎಣ್ಣೆ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಒಲೆ, ದೀಪ ದೂರ ಇರಲಿ. ಮಿಷನ್ ತಲೆಯನ್ನು ಹಿಂದಕ್ಕೆ ಮಗುಚಿ, ಅಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆಗೂ ಬಿಡಿ. ಒಂದು ರಾತ್ರಿ ನೆನೆದ ಮೇಲೆ ಗಾಲಿಯನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿದರೆ ಕಂದು ಬಣ್ಣದ ಜಿಡ್ಡು ಇಳಿದು ಬರುತ್ತದೆ. ಒರೆಸಿ, ಇನ್ನೊಮ್ಮೆ ಬಿಡಿ. ಸೀಮೆಎಣ್ಣೆ ಜಿಡ್ಡು ಬಿಡಿಸೋಕೆ ಮಾತ್ರ. ಅದರ ಹಿಂದೆಯೇ ಹೊಲಿಗೆ ಮಿಷನ್ ಎಣ್ಣೆ ಬೀಳಲೇಬೇಕು, ಇಲ್ಲದಿದ್ದರೆ ಒಣಗಿದ ಕಬ್ಬಿಣ ಸವೆಯುತ್ತದೆ. ಮೈಮೇಲಿನ ಚಿನ್ನದ ಬಣ್ಣದ ಬಳ್ಳಿ ಚಿತ್ತಾರಕ್ಕೆ ಸೀಮೆಎಣ್ಣೆ ಉಜ್ಜಬೇಡಿ, ಎದ್ದು ಹೋಗುತ್ತದೆ. ಅಲ್ಲಿಗೆ ಎರಡು ಹನಿ ಮಿಷನ್ ಎಣ್ಣೆ, ಮೆತ್ತನೆ ಬಟ್ಟೆ ಸಾಕು.

ಕೆಲವು ಮಿಷನ್ನುಗಳಲ್ಲಿ ಗಾಲಿ ಸಲೀಸಾಗಿ ತಿರುಗುತ್ತದೆ, ಸೂಜಿ ಮಾತ್ರ ಅಲ್ಲಾಡುವುದಿಲ್ಲ. ಬಾಬಿನ್ ಸುತ್ತುವಾಗ ಗಾಲಿ ನಡುವಿನ ದೊಡ್ಡ ಸ್ಕ್ರೂ ಸಡಿಲಿಸುತ್ತೇವೆ ಅಲ್ವಾ, ಅದನ್ನು ಬಿಗಿ ಮಾಡಿ. ಬಿಗಿ ಮಾಡಿದರೂ ಸೂಜಿ ಆಡದಿದ್ದರೆ ಆ ಸ್ಕ್ರೂ ಪೂರ್ತಿ ಬಿಚ್ಚಿ, ಒಳಗಿನ ಕಿವಿಗಳಿರುವ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಇಷ್ಟಕ್ಕೇ ಎಷ್ಟೋ ಜನ ರಿಪೇರಿಗೆ ದುಡ್ಡು ಕೊಟ್ಟು ಬರುತ್ತಾರೆ.

ಬೆಲ್ಟ್ ಜಾರುತ್ತಿದ್ದರೆ ಅರ್ಧ ಇಂಚು ಕತ್ತರಿಸಿ, ಹೊಸ ತೂತು ಮಾಡಿ ಕ್ಲಿಪ್ ಹಾಕಿ. ಬಿರುಕು ಬಿಟ್ಟಿದ್ದರೆ ಹೊಸದೇ ತನ್ನಿ.

ಸೂಜಿಯೂ ಹೊಸದೇ ಇರಲಿ. ಮಾಮೂಲಿ ಹತ್ತಿ ಬಟ್ಟೆಗೆ 14 ನಂಬರ್, ದಪ್ಪ ಬಟ್ಟೆಗೆ 16. ಉದ್ದ ಗೀರು ಇರುವ ಕಡೆಯಿಂದ ದಾರ ಪೋಣಿಸಬೇಕು. ಬಟ್ಟೆ ಅಡಿಯಲ್ಲಿ ದಾರ ಗುಂಜು ಗುಂಜಾಗಿ ಬಂದರೆ ಎಲ್ಲರೂ ಬಾಬಿನ್ ಸ್ಕ್ರೂ ತಿರುಗಿಸೋಕೆ ಹೋಗುತ್ತಾರೆ. ಸುಮ್ನೆ ಕೆಡಿಸಬೇಡಿ. ಗುಂಜು ಕೆಳಗೆ ಬಂದರೆ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಅದು ಸರಿಯಾಗಿ ಕೂತಿರುವುದಿಲ್ಲ. ಬಟ್ಟೆ ಒತ್ತಿ ಹಿಡಿಯುವ ಮಿಷನ್ನಿನ ಪಾದ ಎತ್ತಿಟ್ಟು ಮತ್ತೆ ಪೋಣಿಸಿ.

ಮೊದಲ ಒಂದೆರಡು ದಿನ ಎಲ್ಲಿಂದಾದರೂ ಎಣ್ಣೆ ಜಿನುಗುತ್ತದೆ. ರವಿಕೆ ಬಟ್ಟೆ ಆಮೇಲೆ ತನ್ನಿ, ಅಲ್ಲಿವರೆಗೆ ಹಳೇ ಪಂಚೆ ಹರಿದು ಕೈ ಒರೆಸೋ ಬಟ್ಟೆ ಹೊಲಿಯಿರಿ.